ಹಿಮ ಬಾರದ ಮನೆ

‘ಮಂಜು’ ಎಂಬ ಒಂದೇ ಮಾತಿನಿಂದ ನಾವು ಕನ್ನಡಿಗರು ಎಷ್ಟು ಕೆಲಸವನ್ನು ಸಾಗಿಸಿಕೊಂಡು ಬಂದಿದ್ದೇವೆ! ನಸುಕಿನಲ್ಲಿ ಕೆರೆಯ ಮೇಲೆ ಕವಿಯುವುದೂ ಮಂಜು, ಮಡಿಕೇರಿಯ ಬೆಟ್ಟಗಳನ್ನು ಮರೆಮಾಡುವುದೂ ಮಂಜು, ಹಿಮಾಲಯದ ನೆತ್ತಿಯ ಮೇಲೆ ಬಿದ್ದು ಗಟ್ಟಿಯಾಗುವುದೂ ಮಂಜೇ. ಋತುವರ್ಣನೆಯೆಂಬುದು ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಒಂದೆಂದು ನಮ್ಮ ಕವಿಗಳು ಹೇಮಂತ ಶಿಶಿರಗಳನ್ನು ಬಿಡದೆ ವರ್ಣಿಸಿದರು, ನಿಜ. ಆದರೆ ನಮಗೆ ಚಳಿಗಾಲವೆಂದರೆ ಧನುರ್ಮಾಸದ ಹುಗ್ಗಿ, ಸೊಗಡಿನ ಅವರೆಕಾಯಿ, ಸಂಕ್ರಾಂತಿಯ ಎಳ್ಳುಬೆಲ್ಲ, ಹೆಚ್ಚೆಂದರೆ ಒಂದು ಕಂಬಳಿ. ಆ ಕಾಲದಲ್ಲಿ ಮನೆಯ ಬಾಗಿಲನ್ನು ಮುಚ್ಚಿ ತಿಂಗಳುಗಟ್ಟಲೆ ಒಳಗೆ ಕೂರಬೇಕಾದ ಅಗತ್ಯ ನಮಗೆ ಬಂದದ್ದಿಲ್ಲ. ಹಾಗೆ ಕೂರುವುದನ್ನೇ ಒಂದು ಬಾಳುವೆಯ ಕ್ರಮವನ್ನಾಗಿ ಮಾಡಿಕೊಂಡ ನಾಡು ಕಾಶ್ಮೀರ. ಅಲ್ಲಿ ಹಿಮ ಬೀಳದೆ ಹೋದ ಒಂದು ಚಳಿಗಾಲದಲ್ಲಿ ಮನೆಗಳ ಒಳಗೆ ಏನಾಗುತ್ತದೆ ಎಂಬುದನ್ನು ಕುರಿತು ಇಂದು ನಾಲ್ಕು ಮಾತನ್ನು ಹೇಳಬೇಕೆಂದಿದ್ದೇನೆ.

ಕಾಶ್ಮೀರದ ಮನೆಯ ಮಾತು ನಮಗೇಕೆ ಎಂದು ಕೇಳುಗರು ಕೇಳಬಹುದು. ಕನ್ನಡ ನಾಡಿಗೂ ಆ ಕಣಿವೆಗೂ ಸಾವಿರ ವರ್ಷದ ಹಿಂದೆಯೇ ಹೋಗಿಬರುವ ಸಂಬಂಧವಿತ್ತು. ಇಂದಿನ ಬಸವಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿದ್ಯಾಪತಿಯಾಗಿ, ಅವನ ಚರಿತವನ್ನು ಸಂಸ್ಕೃತ ಕಾವ್ಯವಾಗಿ ಬರೆದ ಬಿಲ್ಹಣನು ಶ್ರೀನಗರಕ್ಕೆ ಸಮೀಪದ ಖೋನಮುಖವೆಂಬ ಊರಿನವನು. ‘ವಿಕ್ರಮಾಂಕದೇವಚರಿತ’ದ ಕೊನೆಯ ಸರ್ಗವು ಕರ್ಣಾಟದ ಅರಸನನ್ನು ಬಿಟ್ಟು ಕವಿಯ ಹುಟ್ಟುನಾಡಿನ ಕಡೆಗೆ ತಿರುಗುತ್ತದೆ. ಕಲ್ಯಾಣದ ಬಿಸಿಲಿನಲ್ಲಿ ಕುಳಿತು ತವರನ್ನು ನೆನೆದ ಆ ಮನುಷ್ಯನ ಬಗೆಗೆ ನನಗೆ ಎಂದಿನಿಂದಲೂ ಒಂದು ಮಮತೆ. ಅತ್ತ ಕಾಶ್ಮೀರದ ಹರ್ಷರಾಜನು ಕರ್ಣಾಟದ ಮಾದರಿಯ ನಾಣ್ಯವನ್ನು ತನ್ನ ನಾಡಿನಲ್ಲಿ ಟಂಕಿಸಿದನೆಂದು ಕಲ್ಹಣನು ‘ರಾಜತರಂಗಿಣಿ’ಯಲ್ಲಿ ಹೇಳುತ್ತಾನೆ. ಹೀಗೆ ನಾಣ್ಯವೂ ಕಾವ್ಯವೂ ಓಡಾಡಿದ ದಾರಿಯಲ್ಲಿ ಒಂದು ಕ್ಷೇಮಸಮಾಚಾರವೂ ಬಂದರೆ ಅದನ್ನು ಪರರ ಮಾತೆಂದು ತಿಳಿಯಬೇಕಾಗಿಲ್ಲ.

ಕಾಶ್ಮೀರದ ಜನ ಚಳಿಗಾಲವನ್ನು ಪಂಚಾಂಗದಷ್ಟೇ ನಿಖರವಾಗಿ ಅಳೆದಿಟ್ಟಿದ್ದಾರೆ. ಡಿಸೆಂಬರ್ 21ರಿಂದ ಜನವರಿ 30ರವರೆಗಿನ ನಲವತ್ತು ದಿನ ‘ಚಿಲ್ಲೈ ಕಲಾನ್’, ಎಂದರೆ ದೊಡ್ಡ ಚಿಲ್ಲೆ. ಅದು ಕಳೆದ ಮೇಲೆ ಇಪ್ಪತ್ತು ದಿನ ‘ಚಿಲ್ಲೈ ಖುರ್ದ್’, ಚಿಕ್ಕ ಚಿಲ್ಲೆ. ಅದರ ಬೆನ್ನಿಗೆ ಹತ್ತು ದಿನ ‘ಚಿಲ್ಲೈ ಬಚ್ಚಾ’, ಮರಿ ಚಿಲ್ಲೆ. ಚಿಲ್ಲೆ ಎಂಬುದು ನಲವತ್ತನ್ನು ಸೂಚಿಸುವ ಪಾರಸಿ ಮಾತಿನಿಂದ ಬಂದದ್ದು. ಸೂಫಿ ಸಾಧಕರು ಏಕಾಂತದಲ್ಲಿ ಕೈಗೊಳ್ಳುವ ನಲವತ್ತು ದಿನಗಳ ವ್ರತಕ್ಕೂ ಅದೇ ಹೆಸರು. ಚಳಿಗಾಲವನ್ನು ಹೀಗೆ ತಂದೆ, ಮಗ, ಮೊಮ್ಮಗ ಎಂಬಂತೆ ಮೂರು ತಲೆಮಾರಾಗಿ ಎಣಿಸಿದ ಜನ ಅದನ್ನು ಶತ್ರುವೆಂದು ಬಗೆದಿರಲಾರರು. ವರ್ಷಕ್ಕೊಮ್ಮೆ ಬರುವ ಮುಂಗೋಪಿಯಾದ ಹಿರಿಯ ನಂಟನೆಂದೇ ಬಗೆದಿರಬೇಕು.

ಆ ನಂಟನ ಬರವಿಗೆ ಸಿದ್ಧತೆ ನಡೆಯುವುದು ಬೇಸಗೆಯ ಕೊನೆಯಿಂದಲೇ. ಸೋರೆಕಾಯಿಯನ್ನು ಹೋಳುಮಾಡಿ, ಬದನೆಯನ್ನು ಸೀಳಿ, ಟೊಮೇಟೊವನ್ನು ಕೊಯ್ದು, ಟರ್ನಿಪ್ ಗಡ್ಡೆಯನ್ನು ಬಳೆಬಳೆಯಾಗಿ ಹೆಚ್ಚಿ ದಾರಕ್ಕೆ ಪೋಣಿಸಿ, ಮನೆಯ ಹೆಂಗಸರು ಬಿಸಿಲಿಗೆ ಒಣಹಾಕುತ್ತಾರೆ. ಇವೆಲ್ಲಕ್ಕೂ ಸೇರಿ ‘ಹೋಖ್ ಸ್ಯೂನ್’, ಒಣಗಿಸಿದ ಪಲ್ಯ, ಎಂದು ಹೆಸರು. ಶರತ್ಕಾಲದಲ್ಲಿ ಚಿನಾರ್ ಮರದ ಎಲೆ ಕೆಂಪಾಗಿ ಉದುರಿದಾಗ ಅದನ್ನು ಗುಡಿಸಿ, ಸುಟ್ಟು, ಹದವರಿತು ನೀರು ಚಿಮುಕಿಸಿ ಇದ್ದಿಲು ಮಾಡಿಡುತ್ತಾರೆ. ಆ ಇದ್ದಿಲು ‘ಕಾಂಗ್ಡಿ’ಗೆ. ಒಳಗೆ ಮಣ್ಣಿನ ಕುಡಿಕೆ, ಹೊರಗೆ ಬೆತ್ತದಂತೆ ಹೆಣೆದ ಕಡ್ಡಿಯ ಬುಟ್ಟಿ, ಹಿಡಿಯಲು ಎರಡು ಕಿವಿ, ಇದೇ ಕಾಂಗ್ಡಿ. ‘ಫೆರನ್’ ಎಂಬ ಮೊಣಕಾಲುದ್ದದ ನಿಲುವಂಗಿಯ ಒಳಗೆ ಅದನ್ನು ಹಿಡಿದುಕೊಂಡೇ ಜನ ನಡೆಯುತ್ತಾರೆ, ಕೂರುತ್ತಾರೆ, ಹರಟುತ್ತಾರೆ. ನಮ್ಮ ಮಲೆನಾಡಿನವರಿಗೆ ಇದು ತೀರ ಹೊಸತೆನಿಸಲಾರದು. ಮುಂಗಾರಿನ ಮೂರು ತಿಂಗಳಿಗಾಗಿ ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಒಣಸೌದೆ ಎಲ್ಲವನ್ನೂ ಕೂಡಿಟ್ಟು, ಜಡಿಮಳೆ ಹಿಡಿದ ಮೇಲೆ ಒಳಜಗಲಿಯಲ್ಲಿ ಜೈಮಿನಿ ಭಾರತವನ್ನು ಓದಿಸಿ ಕೇಳುತ್ತಿದ್ದ ಮನೆಗಳು ನಮ್ಮಲ್ಲೂ ಇದ್ದುವಷ್ಟೆ. ಅಲ್ಲಿ ಮಳೆಯ ಜಾಗದಲ್ಲಿ ಹಿಮ, ಅಷ್ಟೇ ಭೇದ.

ಇನ್ನು ಮನೆಯ ಮಾತು. ಅನುಕೂಲಸ್ಥರ ಮನೆಗಳಲ್ಲಿ ‘ಹಮಾಮ್’ ಎಂಬ ಒಂದು ಕೋಣೆಯಿರುತ್ತದೆ. ಅದರ ನೆಲಕ್ಕೆ ಕಲ್ಲುಚಪ್ಪಡಿ ಹಾಸಿ, ಕೆಳಗಿನ ಪೊಳ್ಳಿನಲ್ಲಿ ಸೌದೆ ಉರಿಸುತ್ತಾರೆ. ಒಮ್ಮೆ ಕಾದ ಕಲ್ಲು ಹೊತ್ತುಗಟ್ಟಲೆ ಬೆಚ್ಚಗಿರುತ್ತದೆ. ಹಮಾಮ್ ಇಲ್ಲದ ಮನೆಗಳಲ್ಲಿ ‘ಬುಖಾರಿ’ ಎಂಬ ಕಬ್ಬಿಣದ ಒಲೆ. ಯಾವುದೇ ಇರಲಿ, ಮನೆಗೆ ಹತ್ತು ಕೋಣೆಯಿದ್ದರೂ ಬೆಚ್ಚಗಿರುವ ಕೋಣೆ ಒಂದೇ. ಆದಕಾರಣ ಅಜ್ಜ, ಸೊಸೆ, ಮೊಮ್ಮಗು, ಬಂದ ನೆಂಟ, ಓದುವ ಹುಡುಗ, ಸೂಜಿ ಹಿಡಿದ ಕುಶಲಕರ್ಮಿ ಎಲ್ಲರೂ ಅಲ್ಲಿಗೇ ಬರಬೇಕು. ಶಾಲಿನ ಮೇಲಣ ಸೋಜ್ನಿ ಕಸೂತಿ, ಕಾಗದದ ಮುದ್ದೆಯ ಚಿತ್ತಾರದ ಪೆಟ್ಟಿಗೆ, ರತ್ನಗಂಬಳಿ, ಇವುಗಳ ಹಿಂದೆ ಇಂಥ ಕೋಣೆಗಳಲ್ಲಿ ಕಳೆದ ಚಳಿಗಾಲಗಳಿವೆ. ಗುಣಾಢ್ಯನ ಬೃಹತ್ಕಥೆಯನ್ನು ಕ್ಷೇಮೇಂದ್ರನೂ ಸೋಮದೇವನೂ ಹನ್ನೊಂದನೆಯ ಶತಮಾನದಲ್ಲಿ ಮರಳಿ ಹೇಳಿದ್ದು ಕಾಶ್ಮೀರದಲ್ಲಿಯೇ ಎಂಬುದನ್ನು ನೆನೆದಾಗ, ಕಥೆಯೊಳಗೊಂದು ಕಥೆಯಾಗಿ ಬೆಳೆಯುವ ಆ ‘ಕಥಾಸರಿತ್ಸಾಗರ’ಕ್ಕೆ ತಕ್ಕ ಕೇಳುಗರು ಬಾಗಿಲು ಮುಚ್ಚಿದ ಕೋಣೆಯವರೇ ಎಂದು ನನಗೆ ಅನ್ನಿಸುತ್ತದೆ. ಇದು ಸಂಶೋಧನೆಯಲ್ಲ, ಒಬ್ಬ ಓದುಗನ ಊಹೆ.

ಈ ಒಳಬಾಳಿಗೆ ಪುರಾಣದ ಒಪ್ಪಿಗೆಯೂ ಉಂಟು. ಕಾಶ್ಮೀರದ ‘ನೀಲಮತ ಪುರಾಣ’ ಹೇಳುವ ಕಥೆ ಹೀಗಿದೆ: ಮೊದಲು ಆ ಕಣಿವೆಯಲ್ಲಿ ಮನುಷ್ಯರು ಆರು ತಿಂಗಳು ಮಾತ್ರ ಇರಬಹುದಾಗಿತ್ತು. ಚಳಿಗಾಲದ ಆರು ತಿಂಗಳು ಅದು ಪಿಶಾಚರ ಪಾಲು. ಜನ ಬೆಳೆ ಕೊಯ್ದುಕೊಂಡು ಹೊರಟುಹೋಗಿ ಚೈತ್ರದಲ್ಲಿ ಮರಳಿ ಬರುತ್ತಿದ್ದರು. ಒಮ್ಮೆ ಚಂದ್ರದೇವನೆಂಬ ಮುದುಕನು ಹೊರಡದೆ ಉಳಿದುಕೊಂಡು, ಚಳಿಯಲ್ಲಿ ಬಳಲಿ, ನಾಗರಾಜನಾದ ನೀಲನನ್ನು ಮರೆಹೊಕ್ಕನು. ಇಂತಿಂಥ ಆಚರಣೆಗಳನ್ನು ಬಿಡದೆ ನಡೆಸಿದರೆ ಜನ ವರ್ಷವಿಡೀ ಇಲ್ಲಿ ಮನೆಮಾಡಿಕೊಂಡು ಇರಬಹುದೆಂದು ನೀಲನು ವರವಿತ್ತನು. ಆ ಆಚರಣೆಗಳಲ್ಲೊಂದು ಹೊಸ ಹಿಮ ಬಿದ್ದ ದಿನದ ಹಬ್ಬ. ಅಂದು ಹಿಮವಂತನನ್ನೂ ಹೇಮಂತ ಶಿಶಿರಗಳನ್ನೂ ಪೂಜಿಸಿ, ಬಂಧುಗಳೊಡನೆ ಹಿಮದ ಮೇಲೆ ಕುಳಿತು ಉಂಡು ಹಾಡಿ ನಲಿಯಬೇಕು. ಚಳಿಗಾಲದಲ್ಲಿ ಮನೆಯಲ್ಲಿರುವುದೇ ಒಂದು ವರ; ಆ ವರವನ್ನು ಉಳಿಸಿಕೊಳ್ಳುವ ಬಗೆ, ಹಿಮವನ್ನು ಹಬ್ಬದಿಂದ ಬರಮಾಡಿಕೊಳ್ಳುವುದು. ಕಥೆಯ ಒಳಗಿನ ತಿಳಿವು ಇಷ್ಟು.

ಧರ್ಮ ಬದಲಾಯಿತು, ಅರಸರು ಬದಲಾದರು. ಆ ಹಬ್ಬದ ಒಂದು ಎಳೆ ಮಾತ್ರ ಮನೆಗಳಲ್ಲಿ ಉಳಿಯಿತು. ಕಾಶ್ಮೀರಿಯಲ್ಲಿ ಹಿಮಕ್ಕೆ ‘ಶೀನ್’ ಎನ್ನುತ್ತಾರೆ. ಮೊದಲ ಹಿಮ ಬಿದ್ದ ದಿನ ಒಂದು ಚಿಟಿಕೆ ಹಿಮವನ್ನು ಕಾಗದದಲ್ಲೋ ಡಬ್ಬಿಯಲ್ಲೋ ಮರೆಮಾಡಿ, ಮತ್ತೇನೋ ವಸ್ತುವೆಂದು ನಂಬಿಸಿ ಬಂಧುವಿನ ಕೈಗೆ ಕೊಡುವುದು. ಅವರು ತಿಳಿಯದೆ ತೆಗೆದುಕೊಂಡರೆ ‘ಹೊಸ ಶೀನ್!’ ಎಂದು ಕೂಗುವುದು. ಮೋಸಹೋದವರು ಗೆದ್ದವರಿಗೆ ಔತಣ ಕೊಡಬೇಕು. ಸೊಸೆ ಮಾವನನ್ನೂ, ಮೊಮ್ಮಗ ಅಜ್ಜಿಯನ್ನೂ ವರ್ಷಕ್ಕೊಮ್ಮೆ ಮೋಸಗೊಳಿಸಲು ಇಷ್ಟು ಸೊಗಸಾದ ಅನುಮತಿ ಬೇರೆಲ್ಲಿ ದೊರೆತೀತು?

ಈಗ 2023-24ರ ಚಳಿಗಾಲಕ್ಕೆ ಬರೋಣ. ಆ ವರ್ಷ ಚಿಲ್ಲೈ ಕಲಾನ್ ಬಂತು, ಹಿಮ ಬರಲಿಲ್ಲ. ಡಿಸೆಂಬರಿನಲ್ಲಿ ಜಮ್ಮು-ಕಾಶ್ಮೀರದಲ್ಲಿ ಬಿದ್ದ ಮಳೆ ಮತ್ತು ಹಿಮ ವಾಡಿಕೆಗಿಂತ ಶೇಕಡಾ 79ರಷ್ಟು ಕಡಿಮೆ. ಜನವರಿಯ ಬಹುಭಾಗ ಸಂಪೂರ್ಣವಾಗಿ ಒಣಗಿಯೇ ಕಳೆಯಿತು. ಹಿಮದ ಮೇಲೆ ಜಾರುವ ಆಟಕ್ಕೆ ಹೆಸರಾದ ಗುಲ್ಮಾರ್ಗದ ಇಳಿಜಾರುಗಳು ಜನವರಿಯ ನಡುವಿನಲ್ಲೂ ಕಂದುಬಣ್ಣದ ಹುಲ್ಲಾಗಿ ಕಂಡುವು. ಕಾಶ್ಮೀರಕ್ಕೆ ಹಿಮವನ್ನು ಹೊತ್ತು ತರುವುದು ನಮ್ಮ ಮುಂಗಾರಲ್ಲ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪಡುವಣ ಗಾಳಿಯೊಡನೆ ಬರುವ ವಾಯುಭಾರದ ಅಲೆಗಳು. ಹವಾಮಾನ ಶಾಸ್ತ್ರಜ್ಞರು ಅವನ್ನು ‘ಪಶ್ಚಿಮ ವಿಕ್ಷೋಭೆ’ಗಳೆನ್ನುತ್ತಾರೆ. ಆ ಚಳಿಗಾಲದಲ್ಲಿ ಅವು ದುರ್ಬಲವಾಗಿದ್ದುವು.

ಹಿಮವಿಲ್ಲವೆಂದರೆ ಚಳಿಯಿಲ್ಲವೆಂದು ದಕ್ಷಿಣದ ನಾವು ತಿಳಿಯುವುದು ಸಹಜ. ಸಂಗತಿ ಇದಕ್ಕೆ ವಿರುದ್ಧ. ಮೋಡವೆಂಬುದು ಭೂಮಿಗೆ ಹೊದ್ದಿಸಿದ ಕಂಬಳಿ. ಅದಿಲ್ಲದ ರಾತ್ರಿ ನೆಲದ ಕಾವೆಲ್ಲ ಬಾನಿಗೆ ಹಾರಿಹೋಗುತ್ತದೆ. ಹಿಮವೂ ಒಂದು ಹೊದಿಕೆಯೇ. ಹೊಸ ಹಿಮದ ಹೆಚ್ಚಿನ ಭಾಗ ಗಾಳಿಯಾದುದರಿಂದ, ಅದರ ಕೆಳಗಿನ ಮಣ್ಣೂ ಬೇರೂ ಹೊರಗಿನ ಕಡುಚಳಿಯಿಂದ ಪಾರಾಗುತ್ತವೆ. ಆ ಎರಡು ಹೊದಿಕೆಗಳೂ ತಪ್ಪಿದ ಜನವರಿಯಲ್ಲಿ ಹಗಲು ಬಿಸಿಲು ಕಾದು, ರಾತ್ರಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿಯುತ್ತಿತ್ತು. ಕೊಳಾಯಿಯ ನೀರು ಕೊಳವೆಯಲ್ಲೇ ಹೆಪ್ಪುಗಟ್ಟುತ್ತಿತ್ತು.

ಆ ಜನವರಿಯ ಎರಡನೆಯ ವಾರದಲ್ಲಿ ನಾನು ಶ್ರೀನಗರದಲ್ಲಿದ್ದೆ. ಕಾವ್ಯಮೀಮಾಂಸೆಯ ಗೋಷ್ಠಿಯೊಂದರಲ್ಲಿ ಹಿಂದೆ ಪರಿಚಯವಾಗಿದ್ದ, ಪಾರಸಿಯನ್ನು ಕಲಿಸಿ ನಿವೃತ್ತರಾದ ಅಧ್ಯಾಪಕರೊಬ್ಬರು “ಒಮ್ಮೆ ಹಿಮದ ಕಾಲದಲ್ಲಿ ಬನ್ನಿ” ಎಂದು ಕರೆಯುತ್ತಲೇ ಇದ್ದರು. ಝೇಲಂ ನದಿಗೆ ಅನತಿದೂರದಲ್ಲಿ, ಹಳೆಯ ಊರಿನ ಗಲ್ಲಿಯೊಂದರಲ್ಲಿ ಅವರ ಮನೆ. ಬಾಗಿಲಲ್ಲಿ ನನ್ನನ್ನು ಎದುರುಗೊಂಡವರೇ ಅವರು ಆಡಿದ ಮೊದಲ ಮಾತು: “ಪ್ರೊಫೆಸರ್ ಸಾಹೇಬ್, ಔತಣಕ್ಕೆ ಕರೆದು ಬರಿಯ ಎಲೆ ಹಾಕಿದಂತಾಯಿತು.” ನಾನು ಅಲ್ಲಿದ್ದ ಎಂಟು ದಿನವೂ ಆಕಾಶ ನಮ್ಮ ಚಿತ್ರದುರ್ಗದ ಆಕಾಶದಷ್ಟು ತಿಳಿಯಾಗಿತ್ತು.

ಮನೆಯಲ್ಲಿ ಎಂಬತ್ತು ದಾಟಿದ ಅವರ ತಾಯಿ, ಪತ್ನಿ, ಮಗ, ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಸೊಸೆ, ಏಳು ವರ್ಷದ ಮೊಮ್ಮಗ. ಹಮಾಮಿನ ಕೋಣೆ ಬೆಚ್ಚಗಿತ್ತು. ಆದರೆ ರಾತ್ರಿಯ ಹೊರತು ಅಲ್ಲಿ ಯಾರೂ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಹೊರಗೆ ಬಿಸಿಲಿತ್ತು, ರಸ್ತೆ ತೆರೆದಿತ್ತು, ಎಲ್ಲರಿಗೂ ಕೆಲಸವಿತ್ತು. ಮಗ ಅಂಗಡಿಗೆ, ಸೊಸೆ ಆಸ್ಪತ್ರೆಗೆ ಹೋಗುವರು. ಶಾಲೆಗೆ ಚಳಿಗಾಲದ ರಜೆಯಾದ್ದರಿಂದ ಹುಡುಗ ಗಲ್ಲಿಗೆ. ವೃದ್ಧಮಾತೆಯೊಬ್ಬರೇ ಕಾಂಗ್ಡಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂರುವರು. ಕಿಟಕಿಯಿಂದ ಬೆಟ್ಟದ ಒಂದು ತುಂಡು ಕಾಣುತ್ತಿತ್ತು. ಬೆಳಗ್ಗೆ ಎದ್ದವರೇ ಅದನ್ನು ನೋಡಿ ಒಂದು ಮಾತು ಹೇಳುವರು. ಅದೇನೆಂದು ನಾನು ಕೇಳಿದಾಗ ಮಗ ಅನುವಾದಿಸಿದರು: “ಬೆಟ್ಟ ಇನ್ನೂ ಬರಿತಲೆಯಲ್ಲೇ ಇದೆ.”

ಅಡುಗೆಮನೆಯ ಗೋಡೆಗೆ ಬದನೆ ಮತ್ತು ಟರ್ನಿಪ್ಪಿನ ಒಣಮಾಲೆಗಳು ತೂಗುತ್ತಿದ್ದುವು. ಶರತ್ಕಾಲದಲ್ಲಿ ಆಕೆಯೇ ಪೋಣಿಸಿದವು. ಹಿಂದೆ ಹಿಮ ಬಿದ್ದು ಜಮ್ಮುವಿನ ಹೆದ್ದಾರಿ ಮುಚ್ಚಿಹೋದರೆ ಮನೆಯನ್ನು ಸಲಹುತ್ತಿದ್ದುದು ಆ ಮಾಲೆಗಳು. ಈಗ ಹೆದ್ದಾರಿ ಮುಚ್ಚಿರಲಿಲ್ಲ. ದಿನವೂ ಹೂಕೋಸು, ಬಟಾಣಿ ಹೊಸದಾಗಿ ಮಾರುಕಟ್ಟೆಗೆ ಬರುತ್ತಿತ್ತು. ಸೊಸೆ ಕೆಲಸದಿಂದ ಮರಳುವಾಗ ಕೊಂಡುತರುತ್ತಿದ್ದಳು. “ಒಣ ಬದನೆಯ ರುಚಿಯನ್ನು ಅತಿಥಿಗೆ ತೋರಿಸೋಣವೇ?” ಎಂದು ಮನೆಯವರು ಕೇಳಿದರೆ ವೃದ್ಧೆ ಒಪ್ಪಲಿಲ್ಲ. “ಹಿಮ ಬೀಳಲಿ, ಆಮೇಲೆ.” ಹಿಮಕ್ಕೆಂದು ಕಾದಿಟ್ಟದ್ದನ್ನು ಬಿಸಿಲಿನಲ್ಲಿ ತಿನ್ನುವುದು ಆಕೆಗೆ ಸಲ್ಲದ ಕೆಲಸ, ನಮ್ಮಲ್ಲಿ ಏಕಾದಶಿಯ ದಿನ ಹಬ್ಬದೂಟ ಮಾಡಿದಂತೆ.

ಆ ಸೊಸೆಯ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಒಂದು ಸಂಜೆ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾವನ್ನು ಬಟ್ಟಲಿಗೆ ಬಗ್ಗಿಸುತ್ತ ಆಕೆ ಹೇಳಿದಳು: “ಅಂಕಲ್, ಎಲ್ಲರೂ ಹಿಮ, ಹಿಮ ಎಂದು ಕೊರಗುತ್ತಾರೆ. ಹಿಮ ಬಿದ್ದಾಗ ಗಲ್ಲಿಯಲ್ಲಿ ಜಾರಿ ಮೂಳೆ ಮುರಿದುಕೊಂಡವರನ್ನು ನಾನು ನೋಡುತ್ತೇನೆ. ದೂರದ ಹಳ್ಳಿಯ ಬಸುರಿಯನ್ನು ಹೊರಸಿನ ಮೇಲೆ ಹೊತ್ತು ತಂದದ್ದನ್ನು ನೋಡಿದ್ದೇನೆ. ಈ ವರ್ಷ ನಾನು ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋಗಲಿಲ್ಲ.” ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆಕೆಯೇ ಮುಂದುವರಿಸಿದಳು: “ಆದರೆ ಈ ಒಣಚಳಿಯಲ್ಲಿ ಕೆಮ್ಮಿಕೊಂಡು ಬರುವ ಮಕ್ಕಳ ಸಾಲೂ ದೊಡ್ಡದಾಗಿದೆ. ಬೇಸಗೆಯಲ್ಲಿ ನಲ್ಲಿಯಲ್ಲಿ ನೀರು ಬಾರದಿದ್ದರೆ ಕೊಡ ಹಿಡಿದು ನಿಲ್ಲುವವರೂ ನಾವೇ.” ಹಿಮದಿಂದ ಬರುವ ಕಷ್ಟವೂ ಹಿಮವಿಲ್ಲದೆ ಬರುವ ಕಷ್ಟವೂ ಕೊನೆಗೆ ಸೇರುವುದು ಮನೆಯ ಹೆಣ್ಣಿನ ಲೆಕ್ಕಕ್ಕೇ ಎಂಬುದನ್ನು ಆಕೆ ಸಿಟ್ಟಿಲ್ಲದೆ ಹೇಳಿದ್ದಳು. ಹಿಮವನ್ನು ಕುರಿತು ಕಾವ್ಯ ಬರೆಯಲು ಹೊರಡುವವರು ಈ ಮಾತನ್ನು ಒಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು.

ಹುಡುಗನ ಚಿಂತೆಯೇ ಬೇರೆ. ಅವನು ಒಂದು ಪುಟ್ಟ ತಗಡಿನ ಡಬ್ಬಿಯನ್ನು ಸಿದ್ಧಮಾಡಿಟ್ಟಿದ್ದ. ಅದಕ್ಕೆ ಬಣ್ಣದ ಕಾಗದ ಸುತ್ತಿ, ಮುತ್ತಜ್ಜಿಗೆ ‘ಕೇಸರಿ’ ಎಂದು ಹೇಳಿ ಕೊಡುವುದು ಅವನ ಹಂಚಿಕೆ. ಮೊದಲ ಹಿಮಕ್ಕಾಗಿ ಡಿಸೆಂಬರಿನಿಂದ ಕಾಯುತ್ತಿದ್ದ. ಮುತ್ತಜ್ಜಿಗೆ ಈ ಹಂಚಿಕೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಆಕೆಯ ಪಾಲಿನ ಆಟ. “ಮನೆಯ ಮುಂದಣ ಸೂರಿನಿಂದ ಇಳಿಬೀಳುವ ಹಿಮದ ಕೋಲುಗಳನ್ನು ಮುರಿದು ನಾವು ಕತ್ತಿವರಸೆ ಆಡುತ್ತಿದ್ದೆವು” ಎಂದು ಅಜ್ಜ ಹೇಳಿದರೆ ಹುಡುಗ ಅದನ್ನು ಪುರಾಣವೆಂಬಂತೆ ಕೇಳುತ್ತಿದ್ದ. ಆ ಹಿಮದ ಕೋಲಿಗೆ ಕಾಶ್ಮೀರಿಯಲ್ಲಿ ‘ಶಿಶರ್‌ಗಾಂಠ್’ ಎಂದು ಹೆಸರು. ನಮ್ಮ ಶಿಶಿರವೇ ಅಲ್ಲವೇ ಇದು? ಸೂರಿನ ಮೇಲಿನ ಹಿಮ ಹಗಲು ಕರಗಿ ಇರುಳು ಹೆಪ್ಪುಗಟ್ಟಿದರೆ ತಾನೇ ಅದು ಮೂಡುವುದು. ವಸ್ತು ಕಾಣದೆ ಹೋದರೆ ಮಾತು ಎಷ್ಟು ಕಾಲ ಉಳಿದೀತು? ಭಾಷೆಯನ್ನು ಕಲಿಸಿ ಬದುಕಿದ ನನಗೆ ಈ ಪ್ರಶ್ನೆ ಬೆಟ್ಟದ ಬೋಳುತನಕ್ಕಿಂತ ಹೆಚ್ಚು ಕಾಡಿತು.

ರಾತ್ರಿ ವಿದ್ಯುತ್ತು ಹೋದಾಗ ಮಾತ್ರ ಎಲ್ಲರೂ ಹಮಾಮಿಗೆ ಬಂದು ಸೇರುತ್ತಿದ್ದರು. ಅದಕ್ಕೂ ಹಿಮಕ್ಕೂ ನಂಟಿದೆ. ಆ ನಾಡಿನ ವಿದ್ಯುತ್ತಿನ ಬಹುಪಾಲು ನದಿಗಳಿಂದ ಬರತಕ್ಕದ್ದು. ಚಳಿಗಾಲದಲ್ಲಿ ನದಿ ಸೊರಗುವುದು ವಾಡಿಕೆಯಾದರೂ, ಆ ಜನವರಿಯಲ್ಲಿ ಸಂಗಮ ಎಂಬಲ್ಲಿ ಝೇಲಮಿನ ಮಟ್ಟ ಅಳತೆಗೋಲಿನ ಸೊನ್ನೆಗಿಂತಲೂ ಕೆಳಗೆ ಇಳಿದಿತ್ತು. ಮಸೀದಿಗಳಲ್ಲಿ ಮಳೆ-ಹಿಮಕ್ಕಾಗಿ ವಿಶೇಷ ಪ್ರಾರ್ಥನೆ ನಡೆಯಿತು. ಮನೆಯವರೂ ಹೋಗಿಬಂದರು. ಬಂದವರು ಆಕಾಶವನ್ನು ನೋಡಿದ ರೀತಿ ನನಗೆ ಚೆನ್ನಾಗಿ ಪರಿಚಿತವಾದದ್ದು. ಅದೇ 2023ರಲ್ಲಿ ನಮ್ಮ ನಾಡಿನಲ್ಲೂ ಮುಂಗಾರು ಕೈಕೊಟ್ಟು, 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಗಿತ್ತು. ಮಳೆಗಾಗಿ ಕಪ್ಪೆಗಳ ಮದುವೆ ಮಾಡಿಸುವ ಊರಿನವರಿಗೆ ಆ ನೋಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಹಿಮ ಬಂತು. ಚಿಲ್ಲೈ ಕಲಾನ್ ಮುಗಿಯುವ ಹೊತ್ತಿಗೆ, ಜನವರಿಯ ಕೊನೆಯ ದಿನಗಳಲ್ಲಿ ಬೆಟ್ಟ ಬೆಳ್ಳಗಾಯಿತು. ಫೆಬ್ರವರಿಯಲ್ಲಿ ಚೆನ್ನಾಗಿಯೇ ಸುರಿಯಿತು. ಗುಲ್ಮಾರ್ಗದಲ್ಲಿ ಆಟಗಳೂ ನಡೆದುವು. ಗೆಳೆಯರು ದೂರವಾಣಿಯಲ್ಲಿ ಹೇಳಿದರು: ಹುಡುಗ ಡಬ್ಬಿಯನ್ನು ಕೊಟ್ಟನಂತೆ, ಮುತ್ತಜ್ಜಿ ಮೋಸಹೋದರಂತೆ, ಒಣ ಬದನೆಯೇ ಔತಣವಾಯಿತಂತೆ. ನಾನು ಸಂತೋಷಪಟ್ಟೆ. ಆದರೆ ಅವರ ದನಿಯಲ್ಲಿ ಪೂರ್ತಿ ನಿರಾಳವಿರಲಿಲ್ಲ. “ತಡವಾಗಿ ಬಂದ ಹಿಮ ನಿಲ್ಲುವ ಹಿಮವಲ್ಲ” ಎಂದರು.

ಆ ಮಾತಿನ ಹಿಂದೆ ತಲೆಮಾರುಗಳ ಲೆಕ್ಕಾಚಾರವಿದೆ. ಕಡುಚಳಿಯ ನಲವತ್ತು ದಿನಗಳಲ್ಲಿ ಬಿದ್ದ ಹಿಮ ಒಣದಾಗಿದ್ದು, ಪದರದ ಮೇಲೆ ಪದರವಾಗಿ ಗಟ್ಟಿಗೊಂಡು, ಎತ್ತರದ ಕಣಿವೆಗಳಲ್ಲಿ ಬೇಸಗೆಯವರೆಗೂ ಉಳಿಯುತ್ತದೆ. ಕೊಲಹೋಯಿಯಂಥ ಹಿಮನದಿಗಳಿಗೆ ಆಹಾರವಾಗುತ್ತದೆ. ಫೆಬ್ರವರಿ-ಮಾರ್ಚಿಯಲ್ಲಿ ಬಿದ್ದದ್ದು ಹಸಿಹಿಮ. ಬಿಸಿಲು ಅಷ್ಟರಲ್ಲಿ ಬಲಗೊಂಡಿರುತ್ತದೆ. ಬಂದಷ್ಟೇ ಬೇಗ ಅದು ನೀರಾಗಿ ಹರಿದುಹೋಗುತ್ತದೆ. ಬತ್ತದ ಗದ್ದೆ ಜೂನಿನಲ್ಲಿ ಕೇಳುವ ನೀರು, ಬಾವಿಯೂ ಬುಗ್ಗೆಯೂ ಆಗಸ್ಟಿನಲ್ಲಿ ಕೇಳುವ ನೀರು, ಡಿಸೆಂಬರಿನಲ್ಲಿ ಬೆಟ್ಟದ ಮೇಲೆ ಇಟ್ಟ ಇಡುಗಂಟು. ಸೇಬಿನ ಮರಕ್ಕೂ ಚಳಿಗಾಲದ ದೀರ್ಘನಿದ್ರೆ ಬೇಕು. ಹಗಲು ಅಕಾಲದಲ್ಲಿ ಬೆಚ್ಚಗಾದರೆ ಅದು ಬೇಗ ಎಚ್ಚತ್ತು ಮೊಗ್ಗೊಡೆದು, ಅನಂತರದ ಚಳಿಗೆ ಸಿಕ್ಕಿ ನವೆಯುತ್ತದೆ.

ಮುಂದಿನ ವರ್ಷವೂ ಈ ಲೆಕ್ಕ ಸರಿಹೋಗಲಿಲ್ಲ. 2024ರ ಡಿಸೆಂಬರಿನ ಕೊನೆಯಲ್ಲಿ ಒಮ್ಮೆ ಧಾರಾಳವಾಗಿ ಸುರಿದ ಹಿಮ ಮತ್ತೆ ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗದ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲವೆಂದು ಮುಂದೂಡಿ ಮಾರ್ಚಿಯಲ್ಲಿ ನಡೆಸಿದರು. ಅದೇ ಫೆಬ್ರವರಿಯಲ್ಲಿ ಅನಂತನಾಗ್ ಬಳಿಯ ಅಚ್ಛಾಬಲ್‌ನ ಬುಗ್ಗೆ ಬತ್ತಿತು. ಮೊಗಲರ ಕಾಲದಲ್ಲಿ ನೂರ್‌ಜಹಾನಳ ಹೆಸರಿನೊಡನೆ ಬೆಳಗಿದ ಉದ್ಯಾನ ಅದು. ಅದರ ಕಾಲುವೆಗಳಿಗೂ, ಸುತ್ತಲಿನ ಹಳ್ಳಿಗಳ ಮನೆಗಳಿಗೂ ನೀರು ಕೊಡುತ್ತಿದ್ದುದು ಆ ಬುಗ್ಗೆ. ಆಟವನ್ನು ಒಂದು ತಿಂಗಳು ಮುಂದೂಡಬಹುದು, ಅಡುಗೆಯನ್ನು ಮುಂದೂಡಲಾಗದು.

ಹಿಮ ಎಷ್ಟು ಬೀಳುತ್ತದೆ ಎಂಬುದಕ್ಕಿಂತ ಯಾವಾಗ ಬೀಳುತ್ತದೆ ಎಂಬುದು ದೊಡ್ಡದೆಂಬ ತಿಳಿವು ಕಾಶ್ಮೀರಕ್ಕೆ ಹಳೆಯದು. ತುಂಜೀನ ರಾಜನ ಕಾಲದಲ್ಲಿ ಭಾದ್ರಪದದಲ್ಲಿಯೇ ಹಿಮ ಸುರಿದು, ಕೊಯ್ಲಿಗೆ ಬಂದ ಬತ್ತವೆಲ್ಲ ನಾಶವಾಗಿ ಕ್ಷಾಮ ಬಂದ ಕಥೆಯನ್ನು ಕಲ್ಹಣ ಹೇಳುತ್ತಾನೆ. ಇನ್ನೊಂದು ಕಥೆ ಪಂಡಿತರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಅವರ ಶಿವರಾತ್ರಿ, ‘ಹೇರಥ್’, ಹಿಮದೊಡನೆ ಬರುವ ಹಬ್ಬವೆಂದು ನಂಬಿಕೆ. ಆಫ್ಘನರ ಆಳ್ವಿಕೆಯ ಕೊನೆಯಲ್ಲಿ ಜಬ್ಬಾರ್ ಖಾನ್ ಎಂಬ ಅಧಿಕಾರಿ ಈ ನಂಬಿಕೆಯನ್ನು ಹಂಗಿಸಿ, ಹಬ್ಬವನ್ನು ಆಷಾಢದಲ್ಲಿ ಆಚರಿಸಬೇಕೆಂದು ಆಜ್ಞೆ ಮಾಡಿದನಂತೆ. ಆ ಆಷಾಢದಲ್ಲಿಯೇ ಹಿಮ ಸುರಿದು ಬೆಳೆ ಹಾಳಾಯಿತಂತೆ. ಋತುವನ್ನು ಆಜ್ಞೆಯಿಂದ ಕದಲಿಸಲು ಹೋದವನಿಗೆ ಜನ ಕಟ್ಟಿದ ಶಿಕ್ಷೆ ಇದು. ಆ ಐತಿಹ್ಯವನ್ನು ಹೇಳುತ್ತಿದ್ದ ಅನೇಕ ಮನೆಗಳು 1990ರಲ್ಲಿ ಕಣಿವೆಯನ್ನೇ ತೊರೆಯಬೇಕಾಯಿತು. ಜಮ್ಮುವಿನ ಬಯಲಿನಲ್ಲಿ, ದಿಲ್ಲಿಯಲ್ಲಿ, ನಮ್ಮ ಬೆಂಗಳೂರಿನಲ್ಲಿ ಅವರು ಇಂದಿಗೂ ಹೇರಥ್ ಆಚರಿಸುತ್ತಾರೆ. ಅವರ ಮನೆಗಳಲ್ಲಿ ಹಿಮವಿಲ್ಲದ ಚಳಿಗಾಲ ಮೂವತ್ತು ವರ್ಷಗಳಿಂದಲೂ ನಡೆದಿದೆ.

ಹಿಮವನ್ನು ತಡೆದವನು ಇಂದು ಒಬ್ಬ ಅಧಿಕಾರಿಯಲ್ಲ. ಹೆಸರು ಹಿಡಿದು ಹಂಗಿಸಲು ಸಿಗುವವನೂ ಅಲ್ಲ. ಭೂಮಿ ಒಟ್ಟಾಗಿ ಬಿಸಿಯಾಗುತ್ತಿದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿ ನಾವೆಲ್ಲರೂ ಆ ಬಿಸಿಗೆ ಕೈಗೂಡಿಸಿದ್ದೇವೆ. ಒಂದೊಂದು ವರ್ಷದ ಕೊರತೆಗೆ ಒಂದೊಂದು ಕಾರಣವಿರಬಹುದು, ನಡುವೆ ಒಳ್ಳೆಯ ಹಿಮದ ವರ್ಷಗಳೂ ಬರಬಹುದು. ಆದರೆ ಚಿನಾರ್ ಎಲೆಯ ಇದ್ದಿಲನ್ನು ಮಡಿಲಲ್ಲಿಟ್ಟುಕೊಂಡು ಚಳಿ ಕಳೆಯುವ ಮುದುಕಿಯ ಪಾಲು ಈ ದೋಷದಲ್ಲಿ ಎಷ್ಟು ಚಿಕ್ಕದು, ಅದರ ಫಲದಲ್ಲಿ ಎಷ್ಟು ದೊಡ್ಡದು ಎಂಬುದನ್ನು ಎಣಿಸಿದರೆ ತಲೆ ತಗ್ಗುತ್ತದೆ.

ಶ್ರೋತೃಗಳೇ, ಮನೆಯೆಂದರೆ ನಾಲ್ಕು ಗೋಡೆಯಲ್ಲ, ಋತುವಿನೊಡನೆ ಮಾಡಿಕೊಂಡ ಒಂದು ಒಪ್ಪಂದ. ಇಂಥ ತಿಂಗಳಲ್ಲಿ ನೀನು ಬಾ, ಇಂಥ ದಿನ ಹೋಗು. ನಿನಗಾಗಿ ನಾವು ಒಣಗಿಸಿಡುತ್ತೇವೆ, ನೀನು ನಮಗಾಗಿ ನೀರನ್ನು ಕೂಡಿಡು ಎಂಬ ಒಪ್ಪಂದ. ನೀಲನು ಚಂದ್ರದೇವನಿಗೆ ಕೊಟ್ಟ ವರದ ಅರ್ಥವೂ ಅದೇ. ಹಿಮ ಬಾರದ ಚಳಿಗಾಲದಲ್ಲಿ ಕಾಶ್ಮೀರದ ಮನೆಗೆ ಹಗಲು ಬಿಸಿಲು ದೊರೆಯಿತು, ತೆರೆದ ರಸ್ತೆ ದೊರೆಯಿತು, ಹೊಸ ತರಕಾರಿ ದೊರೆಯಿತು. ಕಳೆದದ್ದು ಮುಂದಿನ ಬೇಸಗೆಯ ನೆಮ್ಮದಿ, ಮತ್ತು ಎಲ್ಲರನ್ನೂ ಒಂದು ಕೋಣೆಗೆ ಕರೆಯುತ್ತಿದ್ದ ಆ ಬಿಳಿಯ ನೆಪ. ಆ ಮನೆಯ ವೃದ್ಧೆ ಮರುವರ್ಷದ ಶರತ್ಕಾಲದಲ್ಲೂ ಬದನೆಯನ್ನು ಸೀಳಿ ಬಿಸಿಲಿಗೆ ಹಾಕಿದರೆಂದು ತಿಳಿದುಬಂತು. ಈ ಸಲ ಮಾಲೆ ಪೋಣಿಸಲು ಸೊಸೆಯೂ ಜೊತೆಗೆ ಕುಳಿತಳಂತೆ, ರಜೆಯ ದಿನ ನೋಡಿ. ಒಪ್ಪಂದದ ಒಂದು ಕಡೆಯವರು ಮಾತಿಗೆ ತಪ್ಪಿಲ್ಲ.